ಗಿಟಾರ್ ಹಿಡಿದಿದ್ದು ಯಾರು? ತಿಪಟೂರಿನಲ್ಲೊಂದು ಜಗಳ!

ಪೋಸ್ಟರಿನ ಮೇಲೆ ಒಂದೇ ಹೆಸರು... ಹಾಡಿನೊಳಗೆ ಹತ್ತಾರು ಕೈ! ಜಿ.ಕೆ. ವೆಂಕಟೇಶ್ ಮೇಳದಿಂದ ಹೊರಬಂದ ಇಳಯರಾಜಾ ಗುರುವಿನ ನೆರಳೋ, ಗುರುವೇ ಶಿಷ್ಯನ ನೆರಳೋ? ತೆಂಗಿನ ಸೀಮೆಯ ಮೂವರು ಅಭಿಮಾನಿಗಳು ಬಡಿದಾಡಿಕೊಂಡ ಒಂದು ಸಂಜೆಯ ಕತೆ ಇದು.

ಜಗಳ ಶುರುವಾಗಿದ್ದು ಒಂದು ಅರ್ಧ ಟೀಯಿಂದ!

ತಿಪಟೂರು ಬಸ್ ನಿಲ್ದಾಣದ ಹತ್ತಿರದ ಒಂದು ಟೀ ಅಂಗಡಿ. ಸಂಜೆ ಆರೂವರೆ. ಮಂಡಿಗಳ ಬಾಗಿಲು ಎಳೆಯುವ ಹೊತ್ತು. ಈ ಊರಿಗೆ ಬಂದವರಿಗೆ ಗೊತ್ತು, ಇಲ್ಲಿ ಗಾಳಿಗೂ ಕೊಬ್ಬರಿ ವಾಸನೆ. ಅಂಗಡಿಯವನ ಮೊಬೈಲ್‌ನಿಂದ 'ಗೀತಾ' ಚಿತ್ರದ ಆ ಪ್ರಸಿದ್ಧ ಜೋಡಿ ಹಾಡು ತೇಲಿ ಬರುತ್ತಿತ್ತು. ಎಸ್.ಪಿ.ಬಿ. ಮತ್ತು ಎಸ್. ಜಾನಕಿ. ಶಂಕರ್‌ನಾಗ್ ನೆನಪಾಗದೆ ಆ ಹಾಡು ಕೇಳುವವನು ಯಾವನಿದ್ದಾನೆ ಹೇಳಿ?

ತುರುವೇಕೆರೆಯಿಂದ ಬಾಡಿಗೆ ತಂದಿದ್ದ ಆಟೋ ಅಣ್ಣ ಬೆಂಚಿನ ಮೇಲೆ ಕಾಲು ಮಡಚಿ ಕೂತಿದ್ದ. ಆಟೋ ಹಿಂದೆ ಶಂಕರಣ್ಣನ ದೊಡ್ಡ ಸ್ಟಿಕ್ಕರ್. ಟೀ ಒಂದು ಗುಟುಕು ಹೀರಿ ತೀರ್ಪು ಕೊಟ್ಟೇಬಿಟ್ಟ:

"ಇದು ಕಣ್ಲಾ ಸಂಗೀತ ಅಂದ್ರೆ! ಇಳಯರಾಜಾ ಬರೋಕ್ಮುಂಚೆ ಕನ್ನಡದಲ್ಲಿ ಗಿಟಾರೇ ಇರ್ಲಿಲ್ಲ. ಬರೀ ಪೀಪಿ, ಡೋಲು!"

ಅಷ್ಟೇ. ಪಕ್ಕದಲ್ಲಿದ್ದ ಟೈಲರ್ ಅಣ್ಣ ಗ್ಲಾಸು ಕೆಳಗಿಟ್ಟ. ಈತ ಅಣ್ಣಾವ್ರ ಅಭಿಮಾನಿ. ಅಂಗಡಿಯಲ್ಲಿ ಹೊಲಿಗೆ ಮಿಷನ್ನಿಗಿಂತ ದೊಡ್ಡದು 'ಮಯೂರ'ದ ಫೋಟೋ. ಮುಖ ಕೆಂಪಗಾಯಿತು.

"ಏನಯ್ಯ ಮಾತಾಡ್ತೀಯ? ಜಿ.ಕೆ. ವೆಂಕಟೇಶ್ ಹೆಸರು ಕೇಳಿದ್ದೀಯಾ? ನಿಮ್ಮ ರಾಜಾ ಅವರ ಕೈಕೆಳಗೆ ಗಿಟಾರ್ ಬಾರಿಸಿಕೊಂಡಿದ್ದವನು!"

"ಅದನ್ನೇ ನಾನೂ ಹೇಳೋದು! ಬಾರಿಸಿದ್ದು ಇವನು, ಹೆಸರು ಅವರದು!"

ಓದುಗ ಮಿತ್ರರೇ, ನಾನು ಹಾಸನದ ಬಸ್ಸಿಗೆ ಕಾಯುತ್ತಿದ್ದವನು. ಒಂದಾದ ಮೇಲೊಂದು ಮೂರು ಬಸ್ಸು ಹೋದವು. ನಾನು ಏಳಲಿಲ್ಲ. ಯಾಕೆ ಏಳಲಿಲ್ಲ ಅನ್ನೋದನ್ನು ಕೊನೆಯಲ್ಲಿ ಹೇಳ್ತೀನಿ.

ಲಿವರ್‌ಪೂಲ್‌ನಲ್ಲೂ ಇದೇ ಗಲಾಟೆ!

ಇಂಥ ಜಗಳ ತಿಪಟೂರಿಗೇ ಮೀಸಲಲ್ಲ. ಪ್ರಪಂಚದ ರಾಕ್ ಸಂಗೀತದ ಅಭಿಮಾನಿಗಳೆಲ್ಲ ಆಡುವ ಜಗಳ ಇದೇ. ಇಂಗ್ಲೆಂಡಿನ ಬೀಟಲ್ಸ್ ತಂಡವನ್ನೇ ನೋಡಿ. ಮೊದಮೊದಲ ಸಾಲಿನಲ್ಲಿ ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್ ಜತೆಗೆ ಬಾಸ್ ಗಿಟಾರಿಗೆ ಸ್ಟುವರ್ಟ್ ಸಟ್‌ಕ್ಲಿಫ್, ಡ್ರಮ್ಸಿಗೆ ಪೀಟ್ ಬೆಸ್ಟ್ ಇದ್ದರು. 1962ರ ಆಗಸ್ಟ್‌ನಲ್ಲಿ ಪೀಟ್ ಬೆಸ್ಟ್‌ನನ್ನು ಕೈಬಿಟ್ಟು ರಿಂಗೋ ಸ್ಟಾರ್‌ನನ್ನು ತಂದರು. ಆಮೇಲೆ ನಡೆದದ್ದು ಚರಿತ್ರೆ! ಹಾಗಾದರೆ ಮೊದಲ ಸಾಲಿನವರ ಪಾಲು ಎಷ್ಟು? ಅವರೆಲ್ಲ ಹುಚ್ಚೆದ್ದು ಕೇಳುತ್ತಿದ್ದ ಅಮೆರಿಕದ ಚಕ್ ಬೆರಿ, ಲಿಟ್ಲ್ ರಿಚರ್ಡ್, ಬಡಿ ಹಾಲಿ ಇವರ ಪಾಲು ಎಷ್ಟು? ಬಡಿ ಹಾಲಿಯ ತಂಡದ ಹೆಸರು ಕ್ರಿಕೆಟ್ಸ್, ಅಂದರೆ ಜೀರುಂಡೆಗಳು. ಅದನ್ನು ನೋಡಿಯೇ ಇವರೂ ಒಂದು ಹುಳದ ಹೆಸರು ಹಿಡಿದರು! ಅರವತ್ತು ವರ್ಷ ದಾಟಿದರೂ ಅಲ್ಲಿನ ಅಭಿಮಾನಿಗಳು ಈ ಲೆಕ್ಕ ಮುಗಿಸಿಲ್ಲ.

ನಮ್ಮಲ್ಲಿ ರಾಕ್ ಬ್ಯಾಂಡಿನ ಜಾಗದಲ್ಲಿ ಇದ್ದದ್ದು ಆರ್ಕೆಸ್ಟ್ರಾ. ಮೈಸೂರಿನ ಅಣ್ಣತಮ್ಮಂದಿರಾದ ರಾಜನ್-ನಾಗೇಂದ್ರ ಬೆಂಗಳೂರಿನ ಜಯಮಾರುತಿ ಆರ್ಕೆಸ್ಟ್ರಾದಲ್ಲಿ ಪಳಗಿದವರು. ಒಬ್ಬರ ಕೈಯಲ್ಲಿ ಪಿಟೀಲು, ಇನ್ನೊಬ್ಬರ ಮುಂದೆ ಜಲತರಂಗ್. ಅಲ್ಲಿಂದ ಚಿತ್ರರಂಗಕ್ಕೆ ಬಂದು ಕನ್ನಡಿಗರ ಕಿವಿಯನ್ನೇ ಆಳಿದರು. ಸ್ಟಾರ್ ಆಗುವ ಮೊದಲು ಎಲ್ಲರೂ ಯಾವುದೋ ಒಂದು ತಂಡದ ಎರಡನೇ ಸಾಲಿನವರೇ!

ಎಸ್.ಪಿ.ಬಿ. ತಂಡದ ಆ ನಾಲ್ವರು

ಟೈಲರ್ ಅಣ್ಣ ಹೇಳಿದ್ದು ಸುಳ್ಳೇನಲ್ಲ. ಇಳಯರಾಜಾ ಹುಟ್ಟಿದ್ದು 1943ರಲ್ಲಿ, ತಮಿಳುನಾಡಿನ ಪಣ್ಣೈಪುರಂ ಎಂಬ ಹಳ್ಳಿಯಲ್ಲಿ. ಹುಟ್ಟು ಹೆಸರು ಜ್ಞಾನದೇಶಿಕನ್. ಹದಿನಾಲ್ಕನೇ ವಯಸ್ಸಿಗೇ ಅಣ್ಣ ಪಾವಲರ್ ವರದರಾಜನ್ ಅವರ ಹಾಡಿನ ತಂಡ ಸೇರಿ ಊರೂರು ತಿರುಗಿದ. ಕಮ್ಯುನಿಸ್ಟ್ ಪಕ್ಷದ ವೇದಿಕೆಗಳಲ್ಲಿ ಹಾಡುತ್ತಿದ್ದ ತಂಡ ಅದು. 1968ರಲ್ಲಿ ಮದರಾಸಿಗೆ ಬಂದು ಧನರಾಜ್ ಮಾಸ್ಟರ್ ಹತ್ತಿರ ಪಾಶ್ಚಾತ್ಯ ಸಂಗೀತಕ್ಕೆ ಕೂತ. ಸ್ವರ ಬರೆಯುವುದು, ಓದುವುದು, ಒಂದು ರಾಗದ ಮೇಲೆ ಇನ್ನೊಂದು ರಾಗ ಎದುರು ನಿಲ್ಲಿಸುವುದು, ಎಲ್ಲವನ್ನೂ ಅಲ್ಲೇ ಕಲಿತ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಗಿಟಾರ್ ಪರೀಕ್ಷೆಯನ್ನೂ ಕಟ್ಟಿ ಪಾಸು ಮಾಡಿದ.

ಹೊಟ್ಟೆಪಾಡಿಗೆ? ಅದಕ್ಕೊಂದು ತಂಡವಿತ್ತು. ಮುಂದಾಳು ಬೇರೆ ಯಾರೂ ಅಲ್ಲ, ನಮ್ಮ ಎಸ್.ಪಿ. ಬಾಲಸುಬ್ರಹ್ಮಣ್ಯಂ! ಆಗಿನ್ನೂ ಹೊಸ ಗಾಯಕ. 1966ರ ಡಿಸೆಂಬರ್‌ನಲ್ಲಿ ತೆಲುಗಿಗೆ ಮೊದಲ ಹಾಡು. ಅದಾದ ಕೆಲವೇ ದಿನಕ್ಕೆ ಎಂ. ರಂಗರಾವ್ ಸಂಗೀತದಲ್ಲಿ 'ನಕ್ಕರೆ ಅದೇ ಸ್ವರ್ಗ' ಚಿತ್ರಕ್ಕೆ ಹಾಡಿ ಕನ್ನಡಕ್ಕೂ ಬಂದಿದ್ದರು. ವೇದಿಕೆ ಕಾರ್ಯಕ್ರಮಕ್ಕೆ ಎಸ್.ಪಿ.ಬಿ. ಕಟ್ಟಿಕೊಂಡಿದ್ದ ಲಘು ಸಂಗೀತ ತಂಡದ ಸಾಲು ಹೀಗಿತ್ತು: ಹಾರ್ಮೋನಿಯಂಗೆ ಅನಿರುತ್ತ, ಗಿಟಾರಿಗೆ (ಆಮೇಲೆ ಹಾರ್ಮೋನಿಯಂಗೂ) ಇಳಯರಾಜಾ, ತಾಳವಾದ್ಯಕ್ಕೆ ರಾಜಾನ ಅಣ್ಣ ಭಾಸ್ಕರ್, ಇನ್ನೊಂದು ಗಿಟಾರಿಗೆ ತಮ್ಮ ಗಂಗೈ ಅಮರನ್.

ಈ ಸಾಲನ್ನು ಇನ್ನೊಂದು ಸಲ ಓದಿ! ಮುಂದೆ ದಕ್ಷಿಣ ಭಾರತದ ಮನೆಮನೆಗೆ ಕೇಳಿಸಿದ ದನಿ ಒಂದು, ಸಾವಿರ ಸಿನಿಮಾಗಳ ಲೆಕ್ಕ ಹಿಡಿಯುವ ಸಂಗೀತ ನಿರ್ದೇಶಕ ಒಬ್ಬ, ಹಾಡು ಬರೆದು, ರಾಗ ಕಟ್ಟಿ, ಸಿನಿಮಾ ನಿರ್ದೇಶನವನ್ನೂ ಮಾಡಿದ ತಮ್ಮ ಒಬ್ಬ. ಎಲ್ಲರೂ ಒಂದೇ ವೇದಿಕೆಯ ಮೇಲೆ! ಆ ವೇದಿಕೆ ಮುಂದೆ ನೆಲದ ಮೇಲೆ ಕೂತು ಕಡಲೆಕಾಯಿ ತಿಂದವರಿಗೆ ತಾವು ಯಾರನ್ನು ನೋಡ್ತಾ ಇದ್ದೀವಿ ಅನ್ನೋದು ಗೊತ್ತಿತ್ತೇ?

1968ರ ಪ್ರಶ್ನೆ!

"ಸರಿ ಕಣಣ್ಣ, ಗಿಟಾರ್ ತಂದಿದ್ದು ಇಳಯರಾಜಾನೇ ಅಂತ ಇಟ್ಕಳಣ. ಒಂದು ಪ್ರಶ್ನೆಗೆ ಉತ್ತರ ಹೇಳು," ಅಂದ ಟೈಲರ್. "ಜೇಡರ ಬಲೆ ಯಾವಾಗ ಬಂತು?"

ಆಟೋ ಅಣ್ಣ ತಲೆ ಕೆರೆದುಕೊಂಡ.

"1968! ಗೋವಾದಲ್ಲಿ ಸಿ.ಐ.ಡಿ. 999? ಅದೂ 1968! ದೊರೆ-ಭಗವಾನ್ ಮಾಡಿದ ಕನ್ನಡದ ಬಾಂಡ್ ಚಿತ್ರಗಳು. ಸಂಗೀತ ಜಿ.ಕೆ.ವಿ.! ಕೇಳಿದ್ದೀಯಾ ಅವುಗಳ ಹಾಡು? ಗಿಟಾರಿಲ್ವಾ? ಬಾಂಗೋ ಇಲ್ವಾ? ತುತ್ತೂರಿ ಇಲ್ವಾ? ಆ ವರ್ಷ ನಿಮ್ಮ ರಾಜಾ ಮದರಾಸಿಗೆ ಬಂದು ಗಿಟಾರಿನ ತಂತಿ ಎಷ್ಟು ಅಂತ ಎಣಿಸ್ತಿದ್ದ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಆಟೋ ಅಣ್ಣನಿಗೆ ಮೊದಲ ಏಟು. ಟೈಲರ್ ಬಿಡಲಿಲ್ಲ:

"ಇಳಯರಾಜಾ ಅವರ ಹತ್ತಿರ ಬಿಟ್ಟು ಸ್ವಂತಕ್ಕೆ ನಿಂತಿದ್ದು 1976ರಲ್ಲಿ, 'ಅನ್ನಕ್ಕಿಳಿ' ಚಿತ್ರದಿಂದ. ಆಪರೇಷನ್ ಡೈಮಂಡ್ ರಾಕೆಟ್ ಬಂದಿದ್ದು 1978. ಅದರಲ್ಲಿ ಅಣ್ಣಾವ್ರು ಇಂಗ್ಲಿಷ್‌ನಲ್ಲಿ ಹಾಡಿದಾರಲ್ಲ, ಈಗಿನ ಹುಡುಗರು ಮದುವೆ ಮನೇಲಿ ಹಾಕ್ಕಂಡು ಕುಣೀತಾರಲ್ಲ, ಅದಕ್ಕೆ ರಾಗ ಹಾಕಿದ್ಯಾರು? ಮತ್ತೆ ಜಿ.ಕೆ.ವಿ.!"

ನಿಜವೇ. ಜಿ.ಕೆ. ವೆಂಕಟೇಶ್ (1927–1993) ಅಂದರೆ ಒಂದೇ ಬಣ್ಣದ ಮನುಷ್ಯನಲ್ಲ. 1966ರ 'ಸಂಧ್ಯಾರಾಗ'ದಲ್ಲಿ ಬಾಲಮುರಳಿಕೃಷ್ಣರ ಜತೆ ಸೇರಿ ಸಂಗೀತ ಕೊಟ್ಟು, ಪಂಡಿತ್ ಭೀಮಸೇನ ಜೋಶಿಯವರಿಂದ ಹಾಡಿಸಿದ ಮೇಳ ಅದು. 'ಕಸ್ತೂರಿ ನಿವಾಸ' (1971), 'ಬಂಗಾರದ ಮನುಷ್ಯ' (1972), 'ಭೂತಯ್ಯನ ಮಗ ಅಯ್ಯು' (1974) ಇವರದೇ. 1974ರ 'ಸಂಪತ್ತಿಗೆ ಸವಾಲ್'ನಲ್ಲಿ ಎಮ್ಮೆ ಮೇಲೆ ಕೂತ ವರನಟನ ಬಾಯಲ್ಲೇ ಹಾಡಿಸಿ, ಗಾಯಕ ರಾಜಕುಮಾರ್ ಯುಗಕ್ಕೆ ಬಾಗಿಲು ತೆರೆದವರು ಇವರು. 1977ರ 'ಸನಾದಿ ಅಪ್ಪಣ್ಣ'ಕ್ಕೆ ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿ ಬಂತು. ಶಹನಾಯಿಯಿಂದ ಬಾಂಡ್ ಗಿಟಾರಿನವರೆಗೆ ಒಬ್ಬನೇ ಮನುಷ್ಯ!

'ಬಂಗಾರದ ಮನುಷ್ಯ' ನಮ್ಮ ಸೀಮೆಗೆ ಬರೀ ಸಿನಿಮಾ ಅಲ್ಲ. ಬರಡು ನೆಲ ಹಸನು ಮಾಡಿದ ಆ ರಾಜೀವನನ್ನು ನೋಡಿ ಬಂದು ತೆಂಗಿನ ಸಸಿ ನೆಟ್ಟೆ ಅನ್ನುವ ಅಜ್ಜಂದಿರು ಇವತ್ತಿಗೂ ಇದ್ದಾರೆ. ಅವರ ಕಿವಿಯಲ್ಲಿರುವುದು ಜಿ.ಕೆ.ವಿ. ರಾಗ.

ಟೀ ಬ್ರೇಕಿನಲ್ಲಿ ಹುಟ್ಟಿದ ಸಂಗೀತ

ಹಾಗಾದರೆ ಟೈಲರ್ ಗೆದ್ದನೇ? ತಡೀರಿ.

ಮೂಲೆಯಲ್ಲಿ ಇನ್ನೊಬ್ಬನಿದ್ದ. ಮೈಯೆಲ್ಲ ಕೊಬ್ಬರಿ ಮಟ್ಟೆಯ ಧೂಳು. ಚಿಕ್ಕನಾಯಕನಹಳ್ಳಿ ಕಡೆಯ ಹುಡುಗ, ಇಲ್ಲಿನ ಒಂದು ಮಂಡಿಯಲ್ಲಿ ತೂಕ ಹಾಕುವ ಕೆಲಸ. ಇಷ್ಟು ಹೊತ್ತೂ ತುಟಿ ಬಿಚ್ಚದವನು ಈಗ ಮೆಲ್ಲಗೆ ಕೇಳಿದ:

"ಅಣ್ಣ, ರಾಗ ಹಾಕೋದು ಬೇರೆ, ಮೇಳ ಕಟ್ಟೋದು ಬೇರೆ ಅಲ್ವಾ?"

ಅಂಗಡಿ ತಣ್ಣಗಾಯಿತು.

ಆ ಹುಡುಗ ಹೇಳಿದ್ದರಲ್ಲಿ ಪಾಯಿಂಟಿದೆ! ಜಿ.ಕೆ.ವಿ. ಹತ್ತಿರ ಇಳಯರಾಜಾ ಸಹಾಯಕನಾಗಿ ಕೆಲಸ ಮಾಡಿದ್ದು ಸುಮಾರು 200 ಚಿತ್ರಗಳಿಗೆ. ಅದರಲ್ಲಿ ಹೆಚ್ಚಿನವು ಕನ್ನಡ! ಕೆಲಸದ ಹಂಚಿಕೆ ಹೀಗಿತ್ತು: ರಾಗದ ರೇಖೆ ಹಾಕುವುದು ವೆಂಕಟೇಶ್, ಆ ರೇಖೆಗೆ ಯಾವ ವಾದ್ಯ ಎಲ್ಲಿ ಬರಬೇಕು, ಪಲ್ಲವಿ ಮುಗಿದು ಚರಣ ಶುರುವಾಗುವ ನಡುವೆ ಪಿಟೀಲು ಏನು ಮಾಡಬೇಕು, ಬಾಸ್ ಎಲ್ಲಿ ನಡೆಯಬೇಕು ಅಂತ ಬರೆದು ಕೊಡುವುದು ಶಿಷ್ಯ. ಒಬ್ಬರು ಮನೆಯ ನಕ್ಷೆ ಹಾಕಿದರು, ಇನ್ನೊಬ್ಬ ಕಂಬ, ತೊಲೆ, ಕಿಟಕಿ ಕೂರಿಸಿದ. ಮನೆ ಯಾರದು ಅಂದರೆ ಏನು ಹೇಳ್ತೀರಿ?

ಇದಕ್ಕಿಂತ ರಸವತ್ತಾದ ಸಂಗತಿ ಇನ್ನೊಂದಿದೆ. ಸಹಾಯಕನಾಗಿದ್ದಾಗಲೇ ರಾಜಾ ತನ್ನದೇ ಸಂಗೀತ ಬರೆಯೋಕೆ ಶುರು ಮಾಡಿದ್ದ. ಆದರೆ ಬರೆದದ್ದು ಕಾಗದದ ಮೇಲೆ ಸರಿ, ಕಿವಿಗೆ ಹೇಗಿರುತ್ತೆ? ವಾದ್ಯಗಾರರನ್ನು ಕರೆಸೋಕೆ ಕಾಸೆಲ್ಲಿ? ಅದಕ್ಕೊಂದು ದಾರಿ ಹುಡುಕಿದ. ರೆಕಾರ್ಡಿಂಗ್ ನಡುವೆ ಬಿಡುವಿನ ವೇಳೆಯಲ್ಲಿ ವೆಂಕಟೇಶ್ ಮೇಳದ ವಾದ್ಯಗಾರರ ಕೈಕಾಲು ಹಿಡಿದು, ತಾನು ಬರೆದದ್ದನ್ನು ನಾಲ್ಕು ನಾಲ್ಕು ಸಾಲು ನುಡಿಸಿಸಿಕೊಂಡು ಕೇಳುತ್ತಿದ್ದ! ಟೀ ಕುಡಿಯುವ ಹೊತ್ತು ಬಿಟ್ಟು ಆ ಹುಡುಗನ ಹಾಳೆ ನುಡಿಸಿದ ಪಿಟೀಲಿನವರು ಯಾರು, ಕೊಳಲಿನವರು ಯಾರು? ಯಾವ ಪೋಸ್ಟರಿನಲ್ಲೂ ಅವರ ಹೆಸರಿಲ್ಲ. ಅವರು ಅವತ್ತು "ಹೋಗೋ ಹೋಗೋ, ನಮಗೆ ಟೈಮಿಲ್ಲ" ಅಂದಿದ್ದರೆ?

ವಾದ್ಯ ಬೇಕಾದಾಗ ರಾಜಾ ಬಾಡಿಗೆಗೆ ತರುತ್ತಿದ್ದದ್ದು ಆರ್.ಕೆ. ಶೇಖರ್ ಎಂಬುವರಿಂದ. ಯಾರು ಈ ಶೇಖರ್ ಗೊತ್ತೇ? ಎ.ಆರ್. ರೆಹಮಾನ್ ತಂದೆ! ಅವರು 1976ರಲ್ಲಿ ತೀರಿಕೊಂಡರು. ಮುಂದೆ ಅದೇ ರೆಹಮಾನ್, ಇನ್ನೂ ದಿಲೀಪ್ ಎಂಬ ಹೆಸರಿನ ಹುಡುಗ, ಇಳಯರಾಜಾ ಮೇಳದಲ್ಲಿ ಕೀಬೋರ್ಡ್ ಮುಂದೆ ಕೂತ. ನಮ್ಮ ಹಂಸಲೇಖ ಅವರ ಹಾಡುಗಳಿಗೂ ನುಡಿಸಿದ. ಗೆಳೆಯ ಶಿವಮಣಿ, ಜಾನ್ ಆಂಥೋನಿ, ಸುರೇಶ್ ಪೀಟರ್ಸ್ ಇವರ ಜತೆ 'ರೂಟ್ಸ್' ಅನ್ನುವ ಬ್ಯಾಂಡಿನಲ್ಲಿದ್ದ. 'ನೆಮೆಸಿಸ್ ಅವೆನ್ಯೂ' ಎಂಬ ರಾಕ್ ತಂಡವನ್ನೂ ಕಟ್ಟಿದ. ಎರಡನೇ ಸಾಲಿನಿಂದ ಮೊದಲ ಸಾಲಿಗೆ, ಮತ್ತೆ ಅಲ್ಲೊಬ್ಬ ಎರಡನೇ ಸಾಲಿನವನು... ಹೀಗೇ ಸಾಗುತ್ತೆ ಈ ಕತೆ.

ಜಿ.ಕೆ.ವಿ. ಮೇಳದಿಂದ ಬಂದವನು ರಾಜಾ ಒಬ್ಬನೇ ಅಂತ ತಿಳೀಬೇಡಿ. ಪಿಟೀಲು ವಿದ್ವಾನ್ ಎಲ್. ವೈದ್ಯನಾಥನ್ ಕೂಡ ಅವರ ಸಹಾಯಕರೇ. ಕಾಶೀನಾಥ್ ಅವರ 'ಅಪರಿಚಿತ' (1978), ಶಂಕರ್‌ನಾಗ್ ಅವರ 'ಒಂದು ಮುತ್ತಿನ ಕಥೆ' (1987), ಟಿ.ವಿ.ಯಲ್ಲಿ 'ಮಾಲ್ಗುಡಿ ಡೇಸ್', ಎಲ್ಲದರ ಸಂಗೀತ ಅವರದು. ಅವರ ತಮ್ಮ ಎಲ್. ಶಂಕರ್ ಇಂಗ್ಲೆಂಡಿನ ಗಿಟಾರಿಸ್ಟ್ ಜಾನ್ ಮೆಕ್‌ಲಾಲಿನ್ ಜತೆ 1970ರ ದಶಕದಲ್ಲಿ 'ಶಕ್ತಿ' ತಂಡ ಕಟ್ಟಿದರು. ತಬಲಾಕ್ಕೆ ಝಾಕಿರ್ ಹುಸೇನ್, ಘಟಕ್ಕೆ ವಿಕ್ಕು ವಿನಾಯಕರಾಂ. ಮೊದಲ ಸಾಲಿನಲ್ಲಿ ರಾಮನಾಡ್ ರಾಘವನ್ ಮೃದಂಗ. ಅಣ್ಣ ಅಣ್ಣಾವ್ರ ಚಿತ್ರದ ಮೇಳದಲ್ಲಿ, ತಮ್ಮ ಪ್ರಪಂಚದ ವೇದಿಕೆ ಮೇಲೆ! ಕನ್ನಡ ಸಿನಿಮಾ ಹಾಡಿನ ಹಿಂದೆ ಎಂಥೆಂಥ ಕೈಗಳಿದ್ದವು ನೋಡಿ.

ಯಾರ ನೆರಳು, ಎಷ್ಟು?

ಈಗ ಆಟೋ ಅಣ್ಣನಿಗೆ ಜೀವ ಬಂತು. "ನೋಡಿದ್ಯಾ? ನಾನ್ ಹೇಳ್ಲಿಲ್ವಾ?"

"ನೀನ್ ಹೇಳಿದ್ದೂ ಪೂರ್ತಿ ಸರಿಯಿಲ್ಲ ಕಣಣ್ಣ," ಅಂದ ಮಂಡಿ ಹುಡುಗ. "ಜಿ.ಕೆ.ವಿ. ಹತ್ರ ಕಲಿತಿದ್ರೆ ಮೊದಲನೇ ಪಿಕ್ಚರ್ 'ಅನ್ನಕ್ಕಿಳಿ' ಜಿ.ಕೆ.ವಿ. ಥರಾನೇ ಇರಬೇಕಿತ್ತಲ್ಲ? ಇಲ್ಲ. ಅದು ಹಳ್ಳಿ ಹಾಡು. ಅವರಮ್ಮ ಗದ್ದೇಲಿ, ಮನೇಲಿ ಹಾಡಿದ್ದು."

ಲೆಕ್ಕ ಹಾಕುವುದಾದರೆ ಸರಿಯಾಗಿ ಹಾಕಬೇಕು. ಇಳಯರಾಜಾ ಸಂಗೀತದಲ್ಲಿ ತಾಯಿ ಚಿನ್ನತಾಯಮ್ಮಾಳ್ ಹಾಡಿದ ಜಾನಪದವಿದೆ. ಅಣ್ಣನ ತಂಡದ ಜತೆ ಊರೂರು ತಿರುಗಿದಾಗ ಕೇಳಿದ ಜನರ ದನಿ ಇದೆ. ಧನರಾಜ್ ಮಾಸ್ಟರ್ ಕಲಿಸಿದ ಬಾಖ್ ಇದ್ದಾನೆ; 1986ರಲ್ಲಿ ರಾಜಾ ಹೊರತಂದ 'ಹೌ ಟು ನೇಮ್ ಇಟ್' ಎಂಬ ಧ್ವನಿಸುರುಳಿಯನ್ನು ತ್ಯಾಗರಾಜರಿಗೂ ಬಾಖ್‌ಗೂ ಒಟ್ಟಿಗೇ ಅರ್ಪಿಸಿದ್ದಾರೆ! ಇನ್ನು ಬಂಗಾಳದ ಸಲೀಲ್ ಚೌಧರಿ. ಅವರ ರೆಕಾರ್ಡಿಂಗುಗಳಿಗೆ ರಾಜಾ ಗಿಟಾರ್ ನುಡಿಸಿದ್ದುಂಟು. ಮಗ್ಗುಲಲ್ಲೇ ಕೂತು, ದೊಡ್ಡ ವಾದ್ಯವೃಂದವನ್ನು ಒಬ್ಬ ಮನುಷ್ಯ ಹೇಗೆ ಆಳುತ್ತಾನೆ ಅಂತ ನೋಡುವ ಭಾಗ್ಯ.

ಸಲೀಲ್ ಚೌಧರಿ ಕನ್ನಡಕ್ಕೂ ಹತ್ತಿರದವರೇ. 'ಸಂಶಯ ಫಲ' (1971), 'ಒಂದೇ ರೂಪ ಎರಡು ಗುಣ' (1975), ಬಾಲು ಮಹೇಂದ್ರರ ಮೊದಲ ಚಿತ್ರ 'ಕೋಕಿಲ' (1977) ಅವರ ಸಂಗೀತದ್ದು. ಕುತೂಹಲ ಏನು ಗೊತ್ತೇ? ಅದೇ 'ಕೋಕಿಲ'ವನ್ನು ಬಾಲು ಮಹೇಂದ್ರ 1996ರಲ್ಲಿ ಹಿಂದಿಯಲ್ಲಿ 'ಔರ್ ಏಕ್ ಪ್ರೇಮ್ ಕಹಾನಿ' ಅಂತ ಮಾಡಿದಾಗ ಸಂಗೀತ ಕೊಟ್ಟದ್ದು ಇಳಯರಾಜಾ!

ಹಾಗಾದರೆ ಜಿ.ಕೆ.ವಿ.ಯಿಂದ ಬಂದದ್ದೇನು? ನನಗನ್ನಿಸುವುದು ಇಷ್ಟು. ಅಂಜಿಕೆ ಇಲ್ಲದ ಮನಸ್ಸು. ಒಂದು ವಾರ ಶಹನಾಯಿ, ಇನ್ನೊಂದು ವಾರ ಬಾಂಡ್ ಗಿಟಾರ್, ಮಾರನೇ ವಾರ ಎಮ್ಮೆ ಹಾಡು! ಇಂಥವರ ಹತ್ತಿರ 200 ಚಿತ್ರ ಮಾಡಿದವನಿಗೆ "ಇದು ನನಗೆ ಬರಲ್ಲ" ಅನ್ನುವ ಮಾತೇ ಬರುವುದಿಲ್ಲ.

1981: ಗುರುವಿನ ನಾಯಕ, ಶಿಷ್ಯನ ರಾಗ

ಕನ್ನಡದಲ್ಲಿ ಇಳಯರಾಜಾ ಸ್ವಂತ ಹೆಸರು ಹಾಕಿಕೊಂಡ ಮೊದಲ ಚಿತ್ರ 1978ರ 'ಮಾತು ತಪ್ಪದ ಮಗ'. ಆಮೇಲೆ ಶಂಕರ್-ಅನಂತ್ ಅಣ್ಣತಮ್ಮಂದಿರ 'ಜನ್ಮ ಜನ್ಮದ ಅನುಬಂಧ' (1980). 1981ರಲ್ಲಿ ಎರಡು ಬಾಣ ಒಟ್ಟಿಗೆ! ಒಂದು ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ 'ಗೀತಾ'. ಇನ್ನೊಂದು 'ನೀ ನನ್ನ ಗೆಲ್ಲಲಾರೆ'. ನಾಯಕ ಯಾರು? ಡಾ. ರಾಜಕುಮಾರ್! ಹಾಡಿದವರೂ ಅವರೇ!

ಸ್ವಲ್ಪ ಯೋಚನೆ ಮಾಡಿ. ಯಾವ ದನಿಯನ್ನು ಜಿ.ಕೆ.ವಿ. ಮೈಕಿನ ಮುಂದೆ ನಿಲ್ಲಿಸಿದರೋ, ಆ ದನಿಯ ಮುಂದೆ ಈಗ ಕೈ ಆಡಿಸುತ್ತಿದ್ದವನು ಅವರದೇ ಮೇಳದ ಹಳೇ ಹುಡುಗ. ಟೈಲರ್ ಅಣ್ಣನ ದೇವರು, ಆಟೋ ಅಣ್ಣನ ದೇವರು, ಇಬ್ಬರೂ ಒಂದೇ ಹಾಡಿನಲ್ಲಿ! ಈ ಮಾತು ಬಂದಾಗ ಇಬ್ಬರೂ ಸುಮ್ಮನಾದರು. ಟೈಲರ್ ಅಣ್ಣ "ಆ ಹಾಡು ಚೆನ್ನಾಗೈತೆ ಬಿಡು" ಅಂತ ಒಪ್ಪಿಕೊಂಡ. ಅದು ದೊಡ್ಡ ಮಾತು!

1983ರಲ್ಲಿ ಮಣಿರತ್ನಂ ಎಂಬ ಹೊಸ ನಿರ್ದೇಶಕನ ಮೊದಲ ಚಿತ್ರ ಬಂತು, ಅದೂ ಕನ್ನಡದಲ್ಲಿ: 'ಪಲ್ಲವಿ ಅನುಪಲ್ಲವಿ'. ಅನಿಲ್ ಕಪೂರ್, ಲಕ್ಷ್ಮಿ. ಅದರ ಗಿಟಾರ್-ಪಿಟೀಲು ತುಣುಕು ಎಷ್ಟೋ ವರ್ಷದ ಮೇಲೆ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಇಡೀ ದೇಶಕ್ಕೆ ಕೇಳಿಸಿತು. 'ಗೀತಾ' ಹಾಡಿನ ರಾಗವೂ ಸುಮ್ಮನೆ ಕೂರಲಿಲ್ಲ. 1984ರಲ್ಲಿ ತಮಿಳಿಗೆ ಹೋಯಿತು, 2007ರಲ್ಲಿ 'ಚೀನಿ ಕಮ್' ಮೂಲಕ ಹಿಂದಿಗೆ ಹೋಯಿತು. ಹುಟ್ಟಿದ್ದು ಮಾತ್ರ ಕನ್ನಡದಲ್ಲಿ! "ಅಮಿತಾಬ್ ಬಚ್ಚನ್ ಕೂಡ ನಮ್ಮ ಶಂಕರಣ್ಣನ ಹಾಡೇ ಇಟ್ಕಂಡಿದ್ದು!" ಅಂತ ಆಟೋ ಅಣ್ಣ ಎದೆಯುಬ್ಬಿಸಿದ. ಇರಲಿ, ಅಭಿಮಾನ!

ಅಟ್ಟದ ಮೇಲಿನ ಕಾಯಿ

ಕೊನೆಗೆ ತೀರ್ಪು ಕೊಟ್ಟವನು ಆ ಮಂಡಿ ಹುಡುಗ. ಅದೂ ಸಂಗೀತದ ಭಾಷೆಯಲ್ಲಲ್ಲ, ಕೊಬ್ಬರಿ ಭಾಷೆಯಲ್ಲಿ.

ದೂರದ ಊರಿನ ಓದುಗರಿಗೆ ಒಂದು ವಿವರಣೆ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡೋದು ಬಿಸಿಲಿಗೆ ಹಾಕಿ ಅಲ್ಲ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟದ ಮೇಲೆ ಹಾಕಿ ಬಿಡ್ತಾರೆ. ಹತ್ತು ಹನ್ನೊಂದು ತಿಂಗಳು! ಒಳಗಿನ ನೀರು ತಾನಾಗೇ ಆರಬೇಕು. ತಿರುಳು ಚಿಪ್ಪಿನಿಂದ ತಾನಾಗೇ ಬಿಡಬೇಕು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗುಡುಗುಡು ಅನ್ನಬೇಕು. ಆಗ ಮಾತ್ರ ಸುಲಿದು, ಚಿಪ್ಪು ಒಡೆದು ಮಂಡಿಗೆ ತರ್ತಾರೆ.

"ಮೂರು ತಿಂಗಳಿಗೇ ಒಡೆದ್ರೆ ಚಟ್ನಿಗೆ ಆಯ್ತದೆ," ಅಂದ ಹುಡುಗ. "ಕೊಬ್ಬರಿ ಆಗಲ್ಲ. ಇಳಯರಾಜಾ 68ರಿಂದ 76ರವರೆಗೂ ಅಟ್ಟದ ಮೇಲಿದ್ದ ಕಾಯಿ. ಕಾಯಿ ಅವರೂರ ಮರದ್ದು, ಅವರವ್ವಂದು. ಅಟ್ಟ ವೆಂಕಟೇಶ್ ಅವರದು. ಅಟ್ಟ ಇಲ್ದಿದ್ರೆ ಕಾಯಿ ಕೊಳೀತದೆ. ಕಾಯೇ ಇಲ್ದಿದ್ರೆ ಬರೀ ಅಟ್ಟದಲ್ಲಿ ಇಲಿ ಓಡಾಡ್ತವೆ."

ಅಂಗಡಿಯವನು ಚಪ್ಪಾಳೆ ತಟ್ಟಿದ. ಟೈಲರ್ ಅಣ್ಣ ಎಲ್ಲರ ಟೀ ಕಾಸು ತಾನೇ ಕೊಟ್ಟ. ಜಗಳ ಮುಗೀತು ಅಂದ್ಕೊಂಡೆ. ಆದರೆ ಹುಡುಗ ಇನ್ನೊಂದು ಮಾತು ಸೇರಿಸಿದ, ಗ್ಲಾಸು ನೋಡ್ಕೊಂಡು:

"ಮೂಟೆ ಮೇಲೆ ಮಾತ್ರ ಮಂಡಿ ಹೆಸರೇ ಇರ್ತದೆ."

ನಾನು ಬಸ್ಸು ಯಾಕೆ ಬಿಟ್ಟೆ?

ಈಗ ಹೇಳ್ತೀನಿ. ಆ ಮಂಡಿ ಹುಡುಗ ನನಗೆ ಗುರುತಿಲ್ಲದವನಲ್ಲ.

ಕೆಲವು ವರ್ಷದ ಹಿಂದೆ ನಮ್ಮದೂ ಒಂದು ಆರ್ಕೆಸ್ಟ್ರಾ ಇತ್ತು. ಐದೇ ಜನ. ನಾನು ಪಿಯುಸಿಗೆ ಅರ್ಧದಲ್ಲೇ ಕೈಮುಗಿದು ರಿದಂ ಪ್ಯಾಡ್ ಹಿಡಿದಿದ್ದೆ. ಜತೆಗೆ ಮೈಕಿನಲ್ಲಿ ನಿರೂಪಣೆಯೂ ನನ್ನದೇ. ಗಣೇಶನ ಹಬ್ಬ, ಜಾತ್ರೆ, ಮದುವೆ... ತುರುವೇಕೆರೆ, ಹುಳಿಯಾರು, ನೊಣವಿನಕೆರೆ ಸುತ್ತಮುತ್ತ ನಮ್ಮದೇ ಹವಾ! ಕೀಬೋರ್ಡಿಗೆ ಇದೇ ಹುಡುಗ. ಅವನಿಗೆ ಸ್ವರ ಓದೋಕೆ ಬರುತ್ತಿರಲಿಲ್ಲ. ಕಿವಿಯಲ್ಲೇ ಕೇಳಿ, ರಾತ್ರಿಯೆಲ್ಲ ಕೂತು, 'ಗೀತಾ' ಹಾಡಿನ ಪಿಟೀಲು, ಕೊಳಲು, ಬಾಸ್ ಎಲ್ಲವನ್ನೂ ಒಂದು ಹಳೇ ಕೀಬೋರ್ಡಿನಲ್ಲಿ ಕೂರಿಸುತ್ತಿದ್ದ. ಬೆಳಗಾಗುತ್ತಲೇ ನಮಗೆಲ್ಲ ಬಾಯಲ್ಲಿ ಹೇಳಿಕೊಡುತ್ತಿದ್ದ. ನಮ್ಮ ತಂಡಕ್ಕೆ ಜಿ.ಕೆ.ವಿ.ಯೂ ಅವನೇ, ಇಳಯರಾಜಾನೂ ಅವನೇ!

ಒಂದು ಗಣೇಶನ ಹಬ್ಬಕ್ಕೆ ಕರಪತ್ರ ಅಚ್ಚು ಹಾಕಿಸಿದೆವು. ಬರೆದುಕೊಟ್ಟವನು ನಾನು. ಮೇಲೆ ದಪ್ಪಕ್ಷರದಲ್ಲಿ ನನ್ನ ಹೆಸರು, ಸಾರಥ್ಯ ಅಂತ. ಕೆಳಗೆ ಸಣ್ಣಕ್ಷರದಲ್ಲಿ 'ಮತ್ತು ವೃಂದ'. ಜಾಗ ಇರಲಿಲ್ಲವೇ? ಇತ್ತು. ನಾಲ್ಕು ಹೆಸರು ಹಾಕೋಕೆ ಎಷ್ಟು ಜಾಗ ಬೇಕು? ಆ ಜಾಗದಲ್ಲಿ ನಾನು ನನ್ನ ಫೋಟೋ ಹಾಕಿಸಿದ್ದೆ.

ಅವನು ಕರಪತ್ರ ನೋಡಿದ. ಮಡಚಿ ಜೇಬಿಗಿಟ್ಟುಕೊಂಡ. ಒಂದು ಮಾತೂ ಆಡಲಿಲ್ಲ. ಆವತ್ತು ಎಂದಿಗಿಂತ ಚೆನ್ನಾಗಿ ನುಡಿಸಿದ. ಇನ್ನೆರಡು ಕಾರ್ಯಕ್ರಮಕ್ಕೆ ಬಂದ. ಆಮೇಲೆ ಕೀಬೋರ್ಡ್ ಮಾರಿದ, ಮಂಡಿ ಸೇರಿದ. ಅವನಿಲ್ಲದೆ ನಮ್ಮ ತಂಡ ಒಂದು ಹಬ್ಬ ದಾಟಲಿಲ್ಲ. ರಿದಂ ಪ್ಯಾಡ್ ಬಿಟ್ಟು ನಾನು ಪೆನ್ನು ಹಿಡಿದೆ. ಈಗ ಸಿನಿಮಾದವರ ಬಗ್ಗೆ ಬರೀತೀನಿ. ಎಲ್ಲರ ಹೆಸರೂ ಸರಿಯಾಗಿ ಹಾಕ್ತೀನಿ!

ಎಸ್.ಪಿ.ಬಿ. ತಂಡದಲ್ಲಿ ಯಾರು ಏನು ನುಡಿಸುತ್ತಿದ್ದರು ಅಂತ ನಮಗೆ ಇವತ್ತು ಗೊತ್ತಿದೆ. ಯಾಕೆ ಗೊತ್ತಿದೆ? ಆ ನಾಲ್ವರಲ್ಲಿ ಒಬ್ಬ ಇಳಯರಾಜಾ ಆದ ಕಾರಣ. ಆಗದೇ ಹೋಗಿದ್ದರೆ ಅವರೂ 'ಮತ್ತು ವೃಂದ'ವೇ. ಜ್ಞಾನದೇಶಿಕನ್‌ಗೆ 'ರಾಜಾ' ಅಂತ ಹೆಸರಿಟ್ಟವರು ಧನರಾಜ್ ಮಾಸ್ಟರ್. ಆಗಲೇ ಎ.ಎಂ. ರಾಜಾ ಎಂಬ ಗಾಯಕರಿದ್ದ ಕಾರಣ ಹಿಂದೆ 'ಇಳಯ', ಅಂದರೆ ಕಿರಿಯ ಅಂತ ಸೇರಿಸಿದವರು 'ಅನ್ನಕ್ಕಿಳಿ'ಯ ಪಂಚು ಅರುಣಾಚಲಂ. ಆ ಕಿರಿಯ 2025ರ ಮಾರ್ಚ್ 8ರಂದು ಲಂಡನ್ನಿನಲ್ಲಿ ತನ್ನ ಸ್ವಂತ ಸಿಂಫನಿ 'ವ್ಯಾಲಿಯಂಟ್' ನುಡಿಸಿಸಿದ, 81ರ ವಯಸ್ಸಿನಲ್ಲಿ! ಆವತ್ತು ಬಿಡುವಿನ ವೇಳೆಯಲ್ಲಿ ಹಾಳೆ ಹಿಡಿದು ಬೇಡಿಕೊಳ್ಳುತ್ತಿದ್ದವನ ಮುಂದೆ ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ಕೂತಿತ್ತು.

ಅಭಿಮಾನಿ ಮಿತ್ರರೇ, ಮುಂದಿನ ಸಲ ಹಳೇ ಚಿತ್ರ ನೋಡುವಾಗ ಟೈಟಲ್ ಕಾರ್ಡ್ ಬಂದರೆ ಎದ್ದು ಹೋಗಬೇಡಿ. 'ಸಂಗೀತ' ಅನ್ನುವುದರ ಕೆಳಗೆ ಸಣ್ಣಕ್ಷರದಲ್ಲಿ 'ಸಹಾಯಕರು' ಅಂತ ಇರುತ್ತೆ. ಅಲ್ಲಿ ಯಾರ ಹೆಸರಿದೆ ನೋಡಿ.

ಆವತ್ತು ಮೂರನೇ ಬಸ್ಸೂ ಹೋದ ಮೇಲೆ ನಾನು ಅವನ ಪಕ್ಕಕ್ಕೆ ಹೋಗಿ ಕೂತೆ. ಏನು ಹೇಳಬೇಕು ಗೊತ್ತಾಗಲಿಲ್ಲ. "ಕೀಬೋರ್ಡ್ ಮತ್ತೆ ತಗೊಂಡ್ಯಾ?" ಅಂದೆ.

"ಇಲ್ಲ," ಅಂದ. ಸ್ವಲ್ಪ ಹೊತ್ತು ಬಿಟ್ಟು, "ಮಗಳಿಗೆ ಚಿಕ್ಕದೊಂದು ತಂದ್ಕೊಟ್ಟಿದೀನಿ," ಅಂದ.

ನಾನು ಕರಪತ್ರದ ಮಾತು ಎತ್ತಿದೆ. ತಪ್ಪು ನಂದು ಅಂದೆ. ಅವನು ಕೈ ಅಲ್ಲಾಡಿಸಿ, "ಹಳೇದು ಬಿಡಣ್ಣ," ಅಂದ. ಎದ್ದು ಮಟ್ಟೆ ಧೂಳು ಕೊಡವಿಕೊಂಡು ಮಂಡಿ ಕಡೆ ನಡೆದ. ಅಂಗಡಿಯ ಮೊಬೈಲ್‌ನಲ್ಲಿ ಆ ಹೊತ್ತಿಗೆ 'ಪಲ್ಲವಿ ಅನುಪಲ್ಲವಿ' ಗಿಟಾರ್ ಬರ್ತಿತ್ತು. ರಸ್ತೆ ದಾಟುವಾಗ ಅವನ ಬಲಗೈ ಬೆರಳು ತೊಡೆಯ ಮೇಲೆ ಆಡ್ತಿದ್ದವು. ಒಂದು ಸ್ವರವೂ ತಪ್ಪಲಿಲ್ಲ.